ಸ್ವಂತ ಅಮ್ಮನ ಬಗ್ಗೆ ಹೀಗೂ ಬರೀಬಹುದಾ?

ನನ್ನ ಹತ್ತಿರ ಇರುವ ಒಂದು ಇಂಗ್ಲಿಷ್ ಪುಸ್ತಕಕ್ಕೆ ಖಾಕಿ ಬೈಂಡ್ ಹಾಕಿದೆ. ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕಕ್ಕೆ ಹಾಕುತ್ತೇವಲ್ಲ, ಅದೇ. ಹಾಕಿದ್ದು ನಾನಲ್ಲ, ಎದುರು ಮನೆ ಟೀಚರ್. ಅವರು ರಿಟೈರ್ ಆಗಿ ಎಷ್ಟೋ ವರ್ಷವಾಯಿತು. ಆದರೂ ನಮ್ಮ ರೋಡಿಗೆಲ್ಲ ಅವರು ಟೀಚರೇ. ಓದಲು ಕೊಟ್ಟ ಮಾರನೇ ದಿನವೇ ಬೈಂಡ್ ಹಾಕಿಬಿಟ್ಟಿದ್ದರು.

"ಮನೇಲಿ ಅಮ್ಮ ಇದ್ದಾರಮ್ಮಾ. ಎಂಬತ್ತಾರು ವಯಸ್ಸು. ಇಂಗ್ಲಿಷ್ ಚೆನ್ನಾಗಿ ಓದ್ತಾರೆ. ಈ ಹೆಸರು ಅವರ ಕಣ್ಣಿಗೆ ಬಿದ್ರೆ ಏನಂದ್ಕೊಳ್ಳಲ್ಲ?"

ಪುಸ್ತಕದ ಹೆಸರು 'ಐಮ್ ಗ್ಲಾಡ್ ಮೈ ಮಾಮ್ ಡೈಡ್'. ಅಂದರೆ, ನಮ್ಮಮ್ಮ ಸತ್ತಿದ್ದು ನನಗೆ ಖುಷಿ. ಬರೆದವಳು ಜೆನೆಟ್ ಮೆಕ್‌ಕರ್ಡಿ, ಅಮೆರಿಕದ ಟೀವಿಯಲ್ಲಿ ಚಿಕ್ಕಂದಿನಿಂದ ನಟಿಸಿ ಹೆಸರು ಮಾಡಿದವಳು.

ಈ ಪುಸ್ತಕವನ್ನು ಸಿಕ್ಕವರಿಗೆಲ್ಲ ಓದಿ ಓದಿ ಅಂತ ಕೊಡುವುದು ನನಗೊಂದು ಚಟ. ಹಾಗಾಗಿ ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆಯೂ ಒಂದೇ: ಸ್ವಂತ ಅಮ್ಮನ ಬಗ್ಗೆ ಹೀಗೂ ಬರೀಬಹುದಾ? ಫೋನಿನಲ್ಲಿ ಕೇಳಿದ್ದಾರೆ. ಲಾಲ್‌ಬಾಗ್ ವಾಕಿಂಗಿನಲ್ಲಿ ನಿಲ್ಲಿಸಿ ಕೇಳಿದ್ದಾರೆ. ಒಬ್ಬರಂತೂ ಮದುವೆಮನೆ ಪಂಕ್ತಿಯಲ್ಲಿ, ನನ್ನ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ ಕೇಳಿದರು. ಪ್ರತಿ ಸಲವೂ ಏನೋ ಹಾರಿಕೆ ಉತ್ತರ ಕೊಟ್ಟು ತಪ್ಪಿಸಿಕೊಂಡಿದ್ದೇನೆ. ಇವತ್ತು ಒಂದೇ ಸಲ ಪೂರ್ತಿ ಹೇಳಿಬಿಡುತ್ತೇನೆ.

ಓದದವರಿಗಾಗಿ ಕತೆ ಇಷ್ಟು. ಜೆನೆಟ್ ಹುಟ್ಟಿದ್ದು 1992ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮನೆಯಲ್ಲಿ ದುಡ್ಡಿಗೆ ಕಷ್ಟ. ಅವಳಿಗೆ ಎರಡು ವರ್ಷವಾಗಿದ್ದಾಗ ಅಮ್ಮನಿಗೆ ಸ್ತನ ಕ್ಯಾನ್ಸರ್ ಬಂತು. ಆಗ ಹೇಗೋ ಉಳಿದುಕೊಂಡರು. ಆದರೆ ಆ ದಿನಗಳ ವಿಡಿಯೋವನ್ನು ಭಾನುವಾರ ಬಂತೆಂದರೆ ಮನೆಮಂದಿಯೆಲ್ಲ ಕೂತು ನೋಡಬೇಕು. ಅಮ್ಮನಿಗೆ ತಾನು ನಟಿಯಾಗುವ ಆಸೆ ಇತ್ತು, ಆಗಲಿಲ್ಲ. ಮಗಳನ್ನು ಆರನೇ ವಯಸ್ಸಿಗೇ ಆ ದಾರಿಗೆ ಹಚ್ಚಿದರು. 2007ರಲ್ಲಿ ನಿಕಲೋಡಿಯನ್ ಚಾನೆಲ್‌ನಲ್ಲಿ 'ಐಕಾರ್ಲಿ' ಶುರುವಾಯಿತು, ಹುಡುಗಿ ಮನೆಮಾತಾದಳು. 2013ರಲ್ಲಿ ಅಮ್ಮ ಅದೇ ಕಾಯಿಲೆಯಿಂದ ತೀರಿಕೊಂಡರು. ಮುಂದೆ ಜೆನೆಟ್ ನಟನೆ ಬಿಟ್ಟಳು. 2022ರ ಆಗಸ್ಟ್‌ನಲ್ಲಿ ಈ ಪುಸ್ತಕ ಬಂತು. ಬಂದ ಕೂಡಲೇ ಪ್ರತಿಗಳು ಖಾಲಿ. ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಮೊದಲನೇ ಸ್ಥಾನ.

ಪುಸ್ತಕ ಶುರುವಾಗುವುದು ಐಸಿಯುನಲ್ಲಿ. ಅಮ್ಮ ಕೋಮಾದಲ್ಲಿದ್ದಾರೆ. ಮಕ್ಕಳು ಒಬ್ಬೊಬ್ಬರಾಗಿ ಕಿವಿಯ ಹತ್ತಿರ ಬಗ್ಗಿ ಒಳ್ಳೆ ಸುದ್ದಿ ಹೇಳುತ್ತಿದ್ದಾರೆ. ಖುಷಿಗಾದರೂ ಕಣ್ಣು ಬಿಡಲಿ ಅಂತ. ಜೆನೆಟ್ ಹೇಳುವ ಸುದ್ದಿ ಯಾವುದು ಗೊತ್ತಾ? ಅಮ್ಮಾ, ಕೊನೆಗೂ ನನ್ನ ತೂಕ 89 ಪೌಂಡಿಗೆ ಇಳಿಯಿತು ಅಂತ. ನಮ್ಮ ಲೆಕ್ಕದಲ್ಲಿ ನಲವತ್ತು ಕೆಜಿ. ಬೆಳೆದ ಹುಡುಗಿ.

ಇದರ ಹಿಂದಿನ ಕತೆ ಅವಳ ಹನ್ನೊಂದನೇ ವಯಸ್ಸಿನದು. ಎದೆಯಲ್ಲಿ ಏನೋ ಗಂಟು ಇದೆ, ನನಗೂ ಕ್ಯಾನ್ಸರ್ ಇರಬೇಕು ಅಂತ ಹೆದರಿಕೊಂಡು ಅಮ್ಮನಿಗೆ ಹೇಳುತ್ತಾಳೆ. ಅಲ್ಲ, ನೀನು ದೊಡ್ಡವಳಾಗುತ್ತಿದ್ದೀಯ ಅನ್ನುತ್ತಾರೆ ಅಮ್ಮ. ಆಗದಿರೋಕೆ ಏನು ಮಾಡಬೇಕು ಅಂತ ಮಗು ಕೇಳುತ್ತದೆ. ಅಮ್ಮ ಊಟ ಕಡಿಮೆ ಮಾಡುವುದನ್ನು, ಕ್ಯಾಲೊರಿ ಲೆಕ್ಕ ಹಾಕುವುದನ್ನು ಹೇಳಿಕೊಡುತ್ತಾರೆ. ಚಿಕ್ಕವಳಂತೆ ಕಂಡಷ್ಟೂ ಪಾರ್ಟು ಜಾಸ್ತಿ. ಮಗಳಿಗೋ ಹಿಗ್ಗು. ಅಮ್ಮ, ನಾನು, ನಮ್ಮಿಬ್ಬರದೇ ಒಂದು ಗುಟ್ಟು!

ಓದಿದವರ ವಿಷಯಕ್ಕೆ ಬರುತ್ತೇನೆ. ಓದದೇ ಮಾತಾಡಿದವರಿಂದಲೇ ಶುರು ಮಾಡಬೇಕು, ಯಾಕೆಂದರೆ ಅವರೇ ಜಾಸ್ತಿ.

ನಮ್ಮ ಸೋದರಮಾವ ಹೆಸರು ಕೇಳಿಯೇ ಸಿಡಿದರು. "ಇವೆಲ್ಲ ಅಮೆರಿಕದೋರ ಕತೆ ಬಿಡು. ನಮ್ಮಲ್ಲಿ ಇಂಥಾದ್ದಿಲ್ಲ." ಈ ಮಾತು ಹೇಳುವಾಗ ಅವರು ಟೀವಿ ಮುಂದೆ ಕೂತಿದ್ದರು. ಮಕ್ಕಳ ರಿಯಾಲಿಟಿ ಶೋ. ಆರು ವರ್ಷದ ಮಗುವೊಂದು ಬಿಳಿ ಕೂದಲು ಅಂಟಿಸಿಕೊಂಡು, ಮಗ ಮನೆಯಿಂದ ಹೊರಗೆ ಹಾಕಿದ ಮುದುಕಿಯಾಗಿ ಅಳುತ್ತಿತ್ತು. ಜಡ್ಜ್‌ಗಳು ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮ ಮಾವನೂ.

ಕಬ್ಬನ್ ಪಾರ್ಕಿನಲ್ಲಿ ಶನಿವಾರ ಚಾಪೆ ಹಾಸಿಕೊಂಡು ಸುಮ್ನೆ ಓದುತ್ತಾ ಕೂರುವವರನ್ನು ನೋಡಿರುತ್ತೀರಿ. ಅಲ್ಲೊಂದು ಹುಡುಗಿ, ಇಪ್ಪತ್ತಮೂರು ಇಪ್ಪತ್ತನಾಲ್ಕಿರಬಹುದು, ಇದೇ ಪುಸ್ತಕ ಹಿಡಿದಿದ್ದಳು. ನನಗೆ ಬಾಯಿ ಸುಮ್ಮನಿರಲ್ಲ. ಹೇಗಿದೆ ಅಂತ ಕೇಳಿದೆ. "ಆಂಟಿ, ನಮ್ಮಮ್ಮ ತುಂಬಾ ಒಳ್ಳೆಯವರು" ಅಂದಳು. ನಾನು ಅವಳ ಅಮ್ಮನ ಸುದ್ದಿಯನ್ನೇ ಎತ್ತಿರಲಿಲ್ಲ. ಆಮೇಲೆ ಅರ್ಧ ಗಂಟೆ ಮಾತಾಡಿದಳು. ಸಿಇಟಿ ಕೋಚಿಂಗ್ ಮುಗಿಯುವ ತನಕ ಅಮ್ಮ ಹೊರಗೆ ಸ್ಕೂಟರ್ ಮೇಲೆ ಕಾಯುತ್ತಿದ್ದುದು, ರ‍್ಯಾಂಕ್ ಬಂದ ದಿನದಿಂದ ಒಂದು ವಾರ ಮಾತು ಬಿಟ್ಟಿದ್ದು. ನಡುನಡುವೆ ಮತ್ತೆ ಎರಡು ಸಲ ಹೇಳಿದಳು, ನಮ್ಮಮ್ಮ ತುಂಬಾ ಒಳ್ಳೆಯವರು ಅಂತ. ಪುಸ್ತಕದ ಬಗ್ಗೆ ಒಂದು ಮಾತೂ ಬರಲಿಲ್ಲ. ನಾನು ಕೇಳಿದ ವಿಮರ್ಶೆಗಳಲ್ಲಿ ಇದೇ ಒಳ್ಳೆಯದು ಅನ್ನಿಸುತ್ತದೆ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಕೇಳಿ ಬೆಳೆದವರು ನಾವು. ಗಾದೆ ಸುಳ್ಳಲ್ಲ. ಆದರೆ ಉಪ್ಪು ಜಾಸ್ತಿಯಾದರೆ ಸಾರು ಬಾಯಿಗಿಡಕ್ಕಾಗಲ್ಲ ಅನ್ನುವುದೂ ನಮಗೆ ಗೊತ್ತು. ಸಾರಿನ ವಿಷಯದಲ್ಲಿ ಅದನ್ನು ಧೈರ್ಯವಾಗಿ ಹೇಳುತ್ತೇವೆ.

ಹಾಗಾದರೆ ಬರೀಬಹುದಾ? ಬರೀಬಹುದು. ಅದೂ ಇವಳು ಬರೆದ ಹಾಗೆ ಬರೆದರೆ ಖಂಡಿತ ಬರೀಬಹುದು. ಹೆಸರು ನೋಡಿದವರು ಪುಸ್ತಕದ ತುಂಬ ಬೈಗುಳ ಇರುತ್ತೆ ಅಂದುಕೊಳ್ಳುತ್ತಾರೆ. ಇಲ್ಲ. ಇಡೀ ಪುಸ್ತಕ ವರ್ತಮಾನದಲ್ಲಿದೆ. ಆರು ವರ್ಷದ ಜೆನೆಟ್ ಆರು ವರ್ಷದವಳ ಹಾಗೇ ಯೋಚಿಸುತ್ತಾಳೆ. ಅವಳಿಗೆ ಅಮ್ಮನೇ ದೇವರು. ಅಮ್ಮ ನಕ್ಕರೆ ಆ ದಿನ ಹಬ್ಬ. ದೊಡ್ಡವಳಾದ ಜೆನೆಟ್ ನಡುವೆ ಬಂದು "ನೋಡಿ, ಇದು ತಪ್ಪು" ಅನ್ನುವುದು ಕಡಿಮೆ. ಮಗು ಸಂತೋಷದಿಂದ ಹೇಳುತ್ತಾ ಹೋಗುತ್ತದೆ, ಓದುವ ನಮಗೆ ಹೊಟ್ಟೆಯಲ್ಲಿ ಕಲಸುತ್ತದೆ. ನಗುವೂ ಬರುತ್ತದೆ. ನಾನು ಕತೆ ಬರೀತೀನಿ ಅಂತ ಹುಡುಗಿ ಹೇಳಿದಾಗ ಅಮ್ಮನ ಚಿಂತೆ ಏನು ಅಂದರೆ, ಬರಹಗಾರರು ಕೂತು ಕೂತು ದಪ್ಪ ಆಗ್ತಾರಲ್ಲ! (ನನ್ನನ್ನು ನೋಡಿದರೆ ಆಯಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ.)

ಇಷ್ಟಕ್ಕೇ ಉತ್ತರ ನಿಲ್ಲಿಸಬಹುದಿತ್ತು. ಆದರೆ ಈ ಪುಸ್ತಕ ನನ್ನನ್ನು ಹಿಡಿದಿದ್ದು ಅಮ್ಮನ ಜಾಗದಲ್ಲಲ್ಲ, ಕಣ್ಣೀರಿನ ಜಾಗದಲ್ಲಿ. ಬಾಲನಟರಿಗೆ ಬೇಕಾದ ದೊಡ್ಡ ವಿದ್ಯೆ ಅಂದರೆ ಹೇಳಿದ ತಕ್ಷಣ ಅಳುವುದು ಅಂತ ಜೆನೆಟ್ ಬರೆಯುತ್ತಾಳೆ. ಅವಳಿಗೆ ಅದು ಚೆನ್ನಾಗಿ ಬರುತ್ತಿತ್ತು. ಮನೆಯವರು ಸತ್ತರು ಅಂತ ನೆನೆಸಿಕೊಳ್ಳುತ್ತಿದ್ದಳು, ಕಣ್ಣಲ್ಲಿ ನೀರು ಬರುತ್ತಿತ್ತು.

ಆ ಪುಟ ಓದಿ ಪುಸ್ತಕ ಮುಚ್ಚಿಟ್ಟೆ. ಯಾಕೆ ಅಂತ ಹೇಳುತ್ತೇನೆ.

ನಾನು ಆರು ವರ್ಷ ಧಾರಾವಾಹಿಗಳಿಗೆ ಡೈಲಾಗ್ ಬರೆದವಳು. 2018ರ ಮಾತು. ರಾಜರಾಜೇಶ್ವರಿ ನಗರದ ಒಂದು ಶೂಟಿಂಗ್ ಮನೆ. ಬ್ಯಾಂಕಿಂಗ್ ಇರಲಿಲ್ಲ, ಅಂದರೆ ಮುಂದಿನ ಎಪಿಸೋಡುಗಳು ಕೈಯಲ್ಲಿ ಇರಲಿಲ್ಲ. ಇವತ್ತು ತೆಗೆದಿದ್ದು ಎಡಿಟ್ ಆಗಿ ನಾಳೆ ಹೋಗಬೇಕು. ಸೆಟ್ಟಿನಲ್ಲಿ ಏಳು ವರ್ಷದ ಒಂದು ಮಗು. ಬೆಳಿಗ್ಗೆ ಒಂಬತ್ತಕ್ಕೆ ಬಂದಿತ್ತು. ಅದರ ಸೀನು ಬಂದಾಗ ರಾತ್ರಿ ಹತ್ತೂವರೆ. ಕತೆಯಲ್ಲಿ ಅದರ ತಾಯಿ ಸತ್ತ ಸುದ್ದಿ ಬರಬೇಕು, ಮಗು ಅಳಬೇಕು. ಬರೆದವಳು ನಾನೇ. ಒಂದೂವರೆ ಪುಟ.

ಗ್ಲಿಸರಿನ್ ಹಾಕಿದರು. ಕಣ್ಣು ಕೆಂಪಾಯಿತೇ ಹೊರತು ಮುಖದಲ್ಲಿ ಅಳು ಇಲ್ಲ, ಬರೀ ನಿದ್ದೆ. ನಾಲ್ಕು ಟೇಕ್ ಆಯಿತು. ಮ್ಯಾನೇಜರ್ ಗಡಿಯಾರ ನೋಡಿದರು, ಆಮೇಲೆ ಮಗುವಿನ ಅಮ್ಮನ ಕಡೆ ನೋಡಿದರು. ಆಕೆ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದು ಮಗುವಿನ ಕಿವಿಯಲ್ಲಿ ಏನೋ ಹೇಳಿದರು. ಮಗು ಬಿಕ್ಕಿ ಬಿಕ್ಕಿ ಅತ್ತಿತು. ನಾನು ಬರೆದ ಡೈಲಾಗ್ ಒಂದೂ ಬರಲಿಲ್ಲ, "ಅಮ್ಮಾ ಅಮ್ಮಾ" ಅಷ್ಟೇ. ಕಟ್ ಅಂದಮೇಲೂ ನಿಲ್ಲಿಸಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಪ್ಯಾಕಪ್ ಆದಮೇಲೆ ಕೇಳಿದೆ, ಕಿವಿಯಲ್ಲಿ ಏನು ಹೇಳಿದ್ರಿ ಅಂತ. "ನಿಜವಾಗ್ಲೂ ನಾನು ಸತ್ತೋಗ್ತೀನಿ ನೋಡು ಅಂದೆ ಮೇಡಂ" ಅಂತ ನಕ್ಕರು.

ಆಕೆ ರಾಕ್ಷಸಿ ಅಲ್ಲ. ಬೆಳಿಗ್ಗೆಯಿಂದ ಆ ಕುರ್ಚಿಯಲ್ಲಿ ಕೂತು ಮಗುವಿಗೆ ಹೋಂವರ್ಕ್ ಮಾಡಿಸುತ್ತಿದ್ದರು, ಮೊಸರನ್ನ ಕಲಸಿ ತಿನ್ನಿಸುತ್ತಿದ್ದರು, ಮೇಕಪ್ಪಿನಿಂದ ಎದ್ದ ಗುಳ್ಳೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಮನೆ ಸಾಲ ಇತ್ತು. ಆ ವಾರ ಟಿಆರ್‌ಪಿ ಏರಿತು. ಮಗುವಿಗೆ ಇನ್ನಷ್ಟು ಅಳೋ ಸೀನ್ ಬರೀರಿ ಮೇಡಂ ಅಂದರು. ಬರೆದೆ.

ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ ಆಯಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಂದ ಯಾವ ಕೆಲಸವನ್ನೂ ಮಾಡಿಸಬಾರದು, ಆದರೆ ಸಿನಿಮಾ, ಧಾರಾವಾಹಿ, ಜಾಹೀರಾತಿಗೆ ವಿನಾಯಿತಿ. ಆ ವಿನಾಯಿತಿಗೆ 2017ರ ನಿಯಮಗಳಲ್ಲಿ ಷರತ್ತುಗಳಿವೆ. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ವಿರಾಮ ಕೊಡದೆ 3 ಗಂಟೆ ದಾಟುವಂತಿಲ್ಲ. ಒಂದೇ ಸಮನೆ 27 ದಿನ ಮೀರಿ ಇಲ್ಲ. ಜಿಲ್ಲಾಧಿಕಾರಿಯ ಅನುಮತಿ ಬೇಕು. ಸಂಪಾದನೆಯಲ್ಲಿ ಕಡಿಮೆ ಅಂದರೂ ಶೇ. 20ರಷ್ಟು ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ಇದೆಲ್ಲ ನನಗೆ ಗೊತ್ತಾಗಿದ್ದು ಜೆನೆಟ್ ಪುಸ್ತಕ ಓದಿದ ಮೇಲೆ, ನಾನಾಗೇ ಹುಡುಕಿದಾಗ. ಆ ರಾತ್ರಿ ನಿಯಮಕ್ಕೆ ಒಂದು ವರ್ಷ ವಯಸ್ಸಾಗಿತ್ತು. ಸೆಟ್ಟಿನಲ್ಲಿ ಯಾರ ಬಾಯಲ್ಲೂ ಅದರ ಹೆಸರು ಕೇಳಿರಲಿಲ್ಲ. ಒಂಬತ್ತರಿಂದ ಹತ್ತೂವರೆಗೆ ಎಷ್ಟು ಗಂಟೆಯಾಯಿತು ಅಂತ ಲೆಕ್ಕ ಹಾಕಲು ಕಾನೂನು ಬೇಕಿರಲಿಲ್ಲ ಬಿಡಿ.

ಜೆನೆಟ್ ಊರಿನಲ್ಲಿ ಇಂಥ ಕಾನೂನು ಬಂದಿದ್ದು 1939ರಷ್ಟು ಹಿಂದೆ. ಜ್ಯಾಕಿ ಕೂಗನ್ ಅಂತ ಒಬ್ಬ ಹುಡುಗ, 1921ರಲ್ಲಿ ಚಾಪ್ಲಿನ್ ಜೊತೆ 'ದಿ ಕಿಡ್' ಮಾಡಿದವನು. ದೊಡ್ಡವನಾಗಿ ನೋಡಿದರೆ ದುಡಿದ ದುಡ್ಡನ್ನೆಲ್ಲ ಅಮ್ಮ, ಮಲತಂದೆ ಖರ್ಚು ಮಾಡಿದ್ದರು. ಕೋರ್ಟಿಗೆ ಹೋದ. ಕೈಗೆ ಬಂದಿದ್ದು ಚೂರುಪಾರು. ಆ ಗಲಾಟೆಯಿಂದ ಬಂದ ಕ್ಯಾಲಿಫೋರ್ನಿಯಾದ ಕಾನೂನಿಗೆ ಈಗಲೂ ಅವನದೇ ಹೆಸರು. ಅಲ್ಲಿ ಈಗ ಶೇ. 15 ಎತ್ತಿಡಬೇಕು. ಕಾನೂನು ದುಡ್ಡು ಕಾಯುತ್ತದೆ, ಜೆನೆಟ್ ತಟ್ಟೆಯಲ್ಲಿ ಏನಿತ್ತು ಅಂತ ನೋಡಲಿಲ್ಲ.

ಬಾಲನಟರೆಲ್ಲ ಹಾಳಾದರು ಅಂತ ನಾನು ಹೇಳುತ್ತಿಲ್ಲ. 'ಬೆಟ್ಟದ ಹೂವು' ಹುಡುಗ, ಆಗಿನ ಮಾಸ್ಟರ್ ಲೋಹಿತ್, ಮುಂದೆ ಪುನೀತ್ ಆಗಿ ನಮ್ಮನ್ನು ಎಷ್ಟು ಸಂತೋಷವಾಗಿಟ್ಟರು. 'ಮಾಲ್ಗುಡಿ ಡೇಸ್'ನ ಸ್ವಾಮಿ, ಮಾಸ್ಟರ್ ಮಂಜುನಾಥ್, ನಟನೆ ಬಿಟ್ಟು ಬೇರೆ ಕೆಲಸ ನೋಡಿಕೊಂಡರು. ನಮಗೇ ಬಿಡಕ್ಕಾಗಿಲ್ಲ. ಸ್ವಾಮಿ ಈಗೆಲ್ಲಿ, ಸ್ವಾಮಿ ಈಗ ಹೇಗಿದ್ದಾನೆ ಅಂತ ಇನ್ನೂ ಕೇಳುತ್ತೇವೆ. 'ಇದ್ದಾರೆ' ಅಂತಲ್ಲ, 'ಇದ್ದಾನೆ' ಅಂತ.

ಪುಸ್ತಕದಲ್ಲಿ ಇನ್ನೊಂದು ಜಾಗ ಇದೆ. ಶೋ ಎಲ್ಲ ಮುಗಿದ ಮೇಲೆ ಚಾನೆಲ್ ಕಡೆಯಿಂದ 3 ಲಕ್ಷ ಡಾಲರ್ ಕೊಡುವ ಮಾತು ಬಂತು ಅಂತ ಬರೆಯುತ್ತಾಳೆ. ನಮ್ಮ ದುಡ್ಡಲ್ಲಿ ಕೋಟಿ ದಾಟುತ್ತದೆ. ಅಲ್ಲಿ ಆಗಿದ್ದರ ಬಗ್ಗೆ ಹೊರಗೆ ಬಾಯಿ ಬಿಡಬಾರದು ಅನ್ನುವುದು ಷರತ್ತು. ಸುತ್ತಲಿನವರು ಗಿಫ್ಟ್ ಅಂದುಕೊಂಡು ತಗೋ ಅಂದರಂತೆ. ಬೇಡ ಅಂದಳು. ಇಷ್ಟು ಜನಕ್ಕೆ ಪುಸ್ತಕ ಕೊಟ್ಟಿದ್ದೇನೆ, ಆ ದುಡ್ಡಿನ ಬಗ್ಗೆ ಇದುವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಎಲ್ಲರಿಗೂ ಅಮ್ಮನೇ ಬೇಕು. ಅಮ್ಮನ ಮೇಲೆ ಕೋಪ ಮಾಡಿಕೊಳ್ಳಬಹುದು, ಇಲ್ಲ ಅಮ್ಮನ ಪರವಾಗಿ ಮಗಳ ಮೇಲೆ ಕೋಪ ಮಾಡಿಕೊಳ್ಳಬಹುದು. ಟೀವಿ ಆಫ್ ಮಾಡಬೇಕಾಗಿಲ್ಲ. ಸ್ವಂತ ಅಮ್ಮನ ಬಗ್ಗೆ ಹೀಗೂ ಬರೀಬಹುದಾ ಅಂತ ನನ್ನನ್ನು ಕೇಳಿದವರಲ್ಲಿ ಎಷ್ಟೋ ಜನ ನನ್ನ ಸೀರಿಯಲ್ ನೋಡುತ್ತಿದ್ದವರೇ. ಆ ಮಗು ಅತ್ತ ಎಪಿಸೋಡ್ ನೋಡಿ "ಏನ್ ಬರೆದಿದ್ದೀಯಮ್ಮಾ!" ಅಂತ ಫೋನ್ ಮಾಡಿದ್ದರು. ಮಗುವಿನ ಹತ್ತಿರ ಹೀಗೂ ಮಾಡಿಸಬಹುದಾ ಅಂತ ಆಗ ಯಾರೂ ಕೇಳಲಿಲ್ಲ.

ಆ ಮಗು ಈಗ ಹೈಸ್ಕೂಲಿಗೆ ಬಂದಿರಬೇಕು. ಅದೂ ಒಂದು ದಿನ ಬರೆಯಬಹುದು. ನಾನು ಯಾವ ಪುಟದಲ್ಲಿ ಬರುತ್ತೇನೋ.

ಟೀಚರ್ ಮೊನ್ನೆ ಪುಸ್ತಕ ವಾಪಸ್ ತಂದುಕೊಟ್ಟರು. ಬೈಂಡ್ ಹಾಕಿದ್ದು ದಂಡ ಆಯಿತಂತೆ. ಹೊರಗೆ ಖಾಕಿ ಕಾಗದ ಇದ್ದರೇನು, ಒಳಗಿನ ಪುಟದಲ್ಲಿ ಹೆಸರು ದಪ್ಪಕ್ಷರದಲ್ಲಿ ಇದೆಯಲ್ಲ. ಇವರು ಬ್ಯಾಂಕಿಗೆ ಹೋದಾಗ ಅಜ್ಜಿ ತೆಗೆದುಕೊಂಡು ಕೂತಿದ್ದಾರೆ. ಮೂರು ಮಧ್ಯಾಹ್ನದಲ್ಲಿ ಪೂರ್ತಿ ಓದಿದ್ದಾರೆ.

"ಬೈದ್ರಾ?" ಅಂದೆ.

"ಹೆಸರಿನ ಬಗ್ಗೆ ಏನೂ ಹೇಳ್ಲಿಲ್ಲಮ್ಮಾ. ಊಟಕ್ಕೆ ಕೂತಿದ್ವಿ. ನಾನು ಅನ್ನ ಸಾಕು ಅಂದ್ರೂ ಕೇಳದೆ ಇನ್ನೊಂದು ಸೌಟು ಬಡಿಸಿದ್ರು. ಆಮೇಲೆ ಕೇಳಿದ್ರು, ಆ ಸೆಟ್ಟಲ್ಲಿ ಅಷ್ಟು ಜನ ಇದ್ರಲ್ಲೇ, ಆ ಹುಡುಗೀಗೆ ಒಬ್ರೂ ಊಟ ಹಾಕ್ಲಿಲ್ವಾ ಅಂತ."