ವಾರ್ಡ್ ಸಭೆಗೆ ಹೋದೆ, ಬೈಸ್ಕೊಂಡು ಬಂದೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಆವತ್ತು ಹೋಗಿದ್ದೇ ಜಗಳ ಆಡೋಕೆ. ಕೈಯಲ್ಲಿ ಒಂದು ಫೈಲು, ಅದ್ರಲ್ಲಿ ನಮ್ಮ ಲೇಔಟಿನ 62 ಮನೆಯವರ ಸೈನು, ಮೊಬೈಲಲ್ಲಿ ಖಾಲಿ ಸೈಟಲ್ಲಿ ಬಿದ್ದಿರೋ ಕಸದ ಫೋಟೊ, ಮಟಮಟ ಮಧ್ಯಾಹ್ನ ಉರೀತಿರೋ ಬೀದಿದೀಪದ ವಿಡಿಯೊ, ಖಾಲಿ ಸಂಪಿನೊಳಗೆ ಟಾರ್ಚ್ ಬಿಟ್ಟು ತೆಗೆದ ಇನ್ನೊಂದು ವಿಡಿಯೊ, ಎಲ್ಲಾ ರೆಡಿ. ಬೆಳಗ್ಗೆ ತಲೆ ಬಾಚ್ಕೊಳ್ಳುವಾಗ ಕನ್ನಡಿ ಮುಂದೆ ಎರಡು ಡೈಲಾಗ್ ಪ್ರಾಕ್ಟೀಸೂ ಮಾಡಿದ್ದೆ.

ನಮ್ದು ಹೊಸಕೋಟೆ ಕಡೆ ಒಂದು ಗ್ರಾಮ ಪಂಚಾಯ್ತಿ, ಹೆಸರು ಬೇಡ ಬಿಡಿ. ಕೆಲ್ಸ ಬೆಂಗಳೂರಲ್ಲಿ, ಅಡ್ರೆಸ್ಸಲ್ಲೂ ಬೆಂಗಳೂರು ಅಂತ್ಲೇ ಬರ್ಕೋತೀವಿ, ಆದ್ರೆ ನೀರು ಬಿಡೋದು ಪಂಚಾಯ್ತಿ, ದೀಪ ಹಾಕೋದು ಪಂಚಾಯ್ತಿ, ಕಂದಾಯ ಕಟ್ಟಬೇಕಾಗಿರೋದೂ ಪಂಚಾಯ್ತಿಗೇ. ಈ ಮನೆಗೆ ಬಂದು 7 ವರ್ಷ ಆಗಿತ್ತು, ಅಷ್ಟು ವರ್ಷದಲ್ಲಿ ಪಂಚಾಯ್ತಿ ಆಫೀಸು ನೋಡಿದ್ದು ಒಂದೇ ಸಲ, ಇ-ಸ್ವತ್ತು (ಮನೆಯ ಆಸ್ತಿ ದಾಖಲೆ) ಮಾಡಿಸೋಕೆ ಹೋದಾಗ. ಹಳೇ ಊರು ಅಂದ್ರೆ ನಮ್ಗೆ ಹಾಲು ತರೋ ಜಾಗ, ಮನೆಕೆಲಸದ ಅಕ್ಕ ಬರೋ ಜಾಗ, ಹಬ್ಬದಲ್ಲಿ ಮೈಕ್ ಸೌಂಡ್ ಬರೋ ಜಾಗ, ಅಷ್ಟೇ.

ಇದು 2023ರ ಡಿಸೆಂಬರ್ ಮಾತು. ವಾರ್ಡ್ ಸಭೆ ಅಂತ ಆಟೋಗೆ ಮೈಕ್ ಕಟ್ಕೊಂಡು ಕೂಗ್ಕೊಂಡು ಹೋಗಿದ್ರಂತೆ, ನಾವು ಅದನ್ನ ಬೆಳ್ಳುಳ್ಳಿ ಆಟೋ ಅಂದ್ಕೊಂಡು ಕಿಟಕಿ ಹಾಕ್ಕೊಂಡಿದ್ವಿ. ಆಮೇಲೆ ಕೆಲಸದ ಅಕ್ಕನೇ ಹೇಳಿದ್ಲು, "ದಿನಾ ಫೋನಲ್ಲಿ ಬಯ್ತಿರ್ತೀರಲ್ಲಾ ಅಕ್ಕ, ಶುಕ್ರವಾರ ಅರಳಿಕಟ್ಟೆ ಹತ್ರ ಮೀಟಿಂಗ್ ಐತೆ, ಅಲ್ಲೇ ಬಂದು ಬಯ್ರಿ." ಅದು ಸರಿ ಅನ್ಸ್ತು. ವಾಟ್ಸಾಪ್ ಗ್ರೂಪಲ್ಲಿ ಹಾಕ್ದೆ, 40 ಹೆಬ್ಬೆಟ್ಟು ಬಂತು, ಕೈಮುಗಿಯೋ ಚಿತ್ರ ಬಂತು, "ಗುಡ್ ಇನಿಶಿಯೇಟಿವ್ ಮೇಡಂ" ಬಂತು. ಶುಕ್ರವಾರ ಬಂದಿದ್ದು ನಾನು, ರಿಟೈರ್ಡ್ ಮೇಷ್ಟ್ರು ಒಬ್ರು, ಅವರ ಹಿಂದೆ ಅವರ ನಾಯಿ.

ಕಟ್ಟೆ ಮುಂದೆ ಶಾಮಿಯಾನ, 30 ಪ್ಲಾಸ್ಟಿಕ್ ಕುರ್ಚಿ, ಒಂದು ಟೇಬಲ್ಲು. ಹತ್ತೂವರೆಗೆ ಅಂದಿದ್ದು, ಹನ್ನೊಂದೂಕಾಲಾದ್ರೂ ಶುರು ಆಗ್ಲಿಲ್ಲ. ಯಾಕೆ ಅಂದ್ರೆ ಕೋರಂ ಇಲ್ಲ. ಕನಿಷ್ಠ 20 ಜನ ಬೇಕು, ಅದ್ರಲ್ಲೂ ನೂರಕ್ಕೆ 30 ಹೆಂಗಸರಿರಬೇಕು ಅಂತ ಪಿಡಿಓ ಮೇಡಂ, ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಹೇಳಿದ್ರು. ವಾರ್ಡಿನ ಪಂಚಾಯ್ತಿ ಮೆಂಬರ್ರು ಟೀ ಅಂಗಡಿಯಿಂದ ನಾಲ್ಕು ಜನಾನ ಹಿಡ್ಕೊಂಡು ಬಂದ್ರು, ಊರಿಗೆ ನೀರು ಬಿಡೋ ನೀರುಗಂಟಿ ಬೈಕ್ ಹತ್ಕೊಂಡು ಹೋಗಿ ಸಂಘದ ಹೆಂಗಸರನ್ನ ಕೂಗಿದ, ಅವರು ಸೆರಗಿಗೆ ಕೈ ಒರೆಸ್ಕೊಂಡು "ಏನು ಬೇಗ ಮುಗಿಸ್ರಪ್ಪ, ಅನ್ನ ಇಟ್ಟು ಬಂದಿದೀನಿ" ಅಂತ ಬಂದು ಕೂತ್ರು. ನಾನು ಅಲ್ಲೀವರೆಗೂ ಅಂದ್ಕೊಂಡಿದ್ದು ಪಂಚಾಯ್ತಿಯವರು ಜನ ಬರಬಾರದು ಅಂತ ಗುಟ್ಟಾಗಿ ಮೀಟಿಂಗ್ ಮಾಡ್ತಾರೆ ಅಂತ. ಇಲ್ಲಿ ನೋಡಿದ್ರೆ ಜನಾನ ಬೇಡ್ಕೋತಿದಾರೆ.

ಕಾಯ್ತಾ ಕೂತಿದ್ದಾಗ ಮೇಷ್ಟ್ರು ನಂಗೆ ವಿವರಿಸಿದ್ರು. ವಾರ್ಡ್ ಸಭೆ 6 ತಿಂಗಳಿಗೆ ಒಂದ್ಸಲ ಆದ್ರೂ ಆಗ್ಬೇಕು, 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇರೋದು. ವಾರ್ಡಿನ ವೋಟರ್ ಲಿಸ್ಟಲ್ಲಿ ಇರೋರೆಲ್ಲಾ ಅದರ ಸದಸ್ಯರೇ, ಯಾರೂ ಇನ್ವಿಟೇಶನ್ ಕೊಡ್ಬೇಕಾಗಿಲ್ಲ. ಇಲ್ಲಿ ಬರೆದಿದ್ದು ಗ್ರಾಮ ಸಭೆಗೆ ಹೋಗುತ್ತೆ, ಅಲ್ಲಿ ಅಧ್ಯಕ್ಷರ ಮುಂದೆ ಓದಿ ಒಪ್ಕೊಂಡ ಮೇಲೆ ವರ್ಷದ ಕ್ರಿಯಾ ಯೋಜನೆಗೆ ಸೇರುತ್ತೆ. ಇಲ್ಲಿ ಬರೆಸ್ದೆ ಇದ್ರೆ ಆಮೇಲೆ ಟ್ವೀಟ್ ಮಾಡ್ಕೊಂಡು ಕೂತ್ಕೋಬೇಕು, ಇದು ಮೇಷ್ಟ್ರ ಮಾತಲ್ಲ, ನನ್ನ ಅನುಭವ.

ಕೊನೆಗೆ ಸಭೆ ಶುರುವಾಯ್ತು. ನಾನು ಫೈಲ್ ತಗೊಂಡು ಎದ್ದು ನಿಂತೆ. "ನಾವು 62 ಮನೆಯವರು..." ಅಂತ ಶುರು ಮಾಡಿದ್ದೇ, ಹಿಂದುಗಡೆಯಿಂದ ಮೆಂಬರ್ರು ಬಹಳ ಮರ್ಯಾದೆಯಾಗಿ ಕೇಳಿದ್ರು, "ಮೇಡಂ, ತಮ್ಮ ವೋಟು ಎಲ್ಲೈತೆ?"

ತಿಪಟೂರು.

ಎಲ್ಲಾ ನಕ್ರು. ನಾನೂ ನಕ್ಕೆ, ಬೇರೆ ದಾರಿ ಇರ್ಲಿಲ್ಲ. 62 ಮನೆಯಲ್ಲಿ ಈ ವಾರ್ಡಿನ ಲಿಸ್ಟಲ್ಲಿ ಇರೋದು 9 ಮನೆಯವರ ಹೆಸ್ರು ಅಂತೆ, ಮಿಕ್ಕಿದ್ದೆಲ್ಲಾ ದಾವಣಗೆರೆ, ಹಾಸನ, ಅನಂತಪುರ, ಎಲ್ಲೆಲ್ಲೋ. ಅಂದ್ರೆ ಲೆಕ್ಕದ ಪ್ರಕಾರ ನಂಗೆ ಆ ಸಭೆಯಲ್ಲಿ ಕೂರೋಕೆ ಹಕ್ಕೇ ಇಲ್ಲ. ಅದು ಸಾಲ್ದು ಅಂತ ಬಿಲ್ ಕಲೆಕ್ಟರ್ ರಿಜಿಸ್ಟರ್ ತೆಗೆದು ನಮ್ಮ ಲೇಔಟಿನ ಕಂದಾಯದ ಬಾಕಿ ಓದೋಕೆ ಶುರು ಮಾಡಿದ, ಅದ್ರಲ್ಲಿ ನಮ್ಮನೇದೂ 2 ವರ್ಷದ್ದು ಇತ್ತು, ಅದರ ವಿಷ್ಯ ಜಾಸ್ತಿ ಹೇಳಲ್ಲ.

ಪುಣ್ಯಕ್ಕೆ ಪಿಡಿಓ ಮೇಡಂ "ಇರ್ಲಿ, ಇಲ್ಲೇ ವಾಸ ಇದಾರೆ, ಹೇಳ್ಲಿ" ಅಂದ್ರು. ಹೇಳ್ದೆ. ನೀರು ಬರಲ್ಲ, ಬಂದ್ರೂ ಮೊದಲು ಹತ್ತು ನಿಮಿಷ ಮೋರಿ ವಾಸನೆ, ದೀಪ ಹಗಲೂ ಉರಿಯುತ್ತೆ, ಕಸದ ಗಾಡಿ ನಮ್ಮ ಗೇಟಿಗೆ ಬರಲ್ಲ, ಪಾರ್ಕ್ ಜಾಗದಲ್ಲಿ ಪಾರ್ಥೇನಿಯಂ ಬೆಳೆದಿದೆ, ಲೇಔಟಿಗೆ ಒಂದು ಆರ್ಚ್ ಬೇಕು. (ಆರ್ಚ್ ಯಾಕೆ ಬೇಕಿತ್ತೋ ಈಗ ನೆನೆಸ್ಕೊಂಡ್ರೆ ನಗು ಬರುತ್ತೆ, ಲೆಟರಲ್ಲಿ ಇತ್ತು, ಓದ್ದೆ.) ನೀರುಗಂಟಿ ಮೇಲೆ ಸ್ವಲ್ಪ ಜಾಸ್ತಿನೇ ಹೇಳ್ದೆ, ದುಡ್ಡು ಕೊಟ್ಟವರಿಗೆ ಮಾತ್ರ ನೀರು ಬಿಡ್ತಾನೆ ಅನ್ನೋ ಮಾತು ಗ್ರೂಪಲ್ಲಿ ಓಡಾಡ್ತಿತ್ತು, ಅದನ್ನೂ ಹೇಳ್ಬಿಟ್ಟೆ. ಆತ ಅಲ್ಲೇ ಬೈಕಿಗೆ ಒರಗಿಕೊಂಡು ನಿಂತಿದ್ದ, ಏನೂ ಅನ್ಲಿಲ್ಲ.

ಅಂದಿದ್ದು ಮುಂದಿನ ಸಾಲಲ್ಲಿ ಕೂತಿದ್ದ ಅಜ್ಜಿ. "ನಮ್ ಮೇಲ್ಬೀದಿಗೆ ನೀರ್ ಬಂದು 9 ದಿನ ಆಯ್ತು ಕಣವ್ವ. ನೀನು ಸಂಪು ತುಂಬ್ಲಿಲ್ಲ ಅಂತೀಯ, ನಾನು ಬಿಂದಿಗೆ ತುಂಬ್ಲಿಲ್ಲ ಅಂತಿದೀನಿ."

ಸಭೆ ಒಂಚೂರು ಸುಮ್ಮನಾಯ್ತು. ಆಗ ನೀರುಗಂಟಿ ಬಾಯಿಬಿಟ್ಟ, "ಲೇಔಟಲ್ಲಿ ಲೈನಿಗೇ ಮೋಟ್ರು ಇಕ್ಕವ್ರೆ ಮೇಡಂ, ನಾನೇನ್ ಮಾಡ್ಲಿ?" ಯಾರು ತೋರ್ಸಿ ಅಂತ ನಾನು. "ನಾಳೆ ಬೆಳಗ್ಗೆ ಐದ್ ಗಂಟ್ಗೆ ಬನ್ನಿ, ತೋರಿಸ್ತೀನಿ" ಅಂತ ಆತ. ಮೆಂಬರ್ರು, "ನಾನೂ ಬರ್ತೀನಿ, ಇವತ್ತು ನೀರಿನ ವಿಷ್ಯ ಬರೀಬೇಡಿ, ನೋಡ್ಕೊಂಡು ಬರೆಯಾಣ" ಅಂತ ರಿಜಿಸ್ಟರ್ ಮೇಲೆ ಕೈ ಇಟ್ರು.

ಶನಿವಾರ ಬೆಳಗ್ಗೆ ಐದು ಗಂಟೆ ಅಂದ್ರೆ ಡಿಸೆಂಬರಲ್ಲಿ ಹೆಂಗಿರುತ್ತೆ ಅಂತ ಹೇಳ್ಬೇಕಾಗಿಲ್ಲ. ಸ್ವೆಟರು, ಅದರ ಮೇಲೆ ಗಂಡನ ಜಾಕೆಟ್ಟು, ತಲೆಗೆ ಸ್ಕಾರ್ಫು. ನೀರುಗಂಟಿ ಅಣ್ಣ ಮಾತ್ರ ಒಂದು ಟವಲ್ ಸುತ್ಕೊಂಡು ಕೈಯಲ್ಲಿ ಟಿ ಆಕಾರದ ಉದ್ದ ಕಬ್ಬಿಣದ ರಾಡ್ ಹಿಡ್ಕೊಂಡು ನಿಂತಿದ್ದ, ವಾಲು ತಿರುಗಿಸೋದು ಅದ್ರಲ್ಲೇ. ಊರಿಗೆ 2 ಬೋರ್‌ವೆಲ್ಲು, ಒಂದು 1200 ಅಡಿಯದ್ದು, ಅದೂ ತ್ರೀ ಫೇಸ್ ಕರೆಂಟು ಇದ್ದಾಗಷ್ಟೇ ಓಡೋದು, ಇನ್ನೊಂದು ಬರೀ ಗಾಳಿ ಕಕ್ಕುತ್ತೆ. ನೀರು ಟ್ಯಾಂಕಿಗೆ ಹತ್ತಿ, ಅಲ್ಲಿಂದ ಇಳಿದು, ಮೊದಲು ತಗ್ಗಲ್ಲಿರೋ ನಮ್ಮ ಲೇಔಟ್ ಹಾದು ಆಮೇಲೆ ಏರಿಗೆ, ಮೇಲ್ಬೀದಿಗೆ ಹೋಗ್ಬೇಕು. 7 ವರ್ಷ ಆ ನೀರು ಕುಡಿದಿದೀನಿ, ಅದು ಯಾವ ಕಡೆಯಿಂದ ಬರುತ್ತೆ ಅಂತ ಒಂದ್ಸಲಾನೂ ಯೋಚ್ನೆ ಮಾಡಿರ್ಲಿಲ್ಲ.

ಆತ ವಾಲ್ ಬಿಟ್ಟ. ಆಮೇಲೆ ಒಂದೊಂದೇ ಗೇಟ್ ಮುಂದೆ ನಿಂತು ರಾಡಿನ ತುದಿ ನಲ್ಲಿ ಪೈಪಿಗೆ ಒತ್ತಿ ಇನ್ನೊಂದು ತುದಿಗೆ ಕಿವಿ ಕೊಟ್ಟ, ಡಾಕ್ಟರ್ ಎದೆ ನೋಡ್ತಾರಲ್ಲಾ ಹಂಗೆ. ನಂಗೂ ಕೊಟ್ಟ. ನೀರು ತಾನಾಗಿ ಹರೀತಿದ್ರೆ ಸೊಯ್ ಅನ್ನುತ್ತೆ, ಮೋಟ್ರು ಎಳೀತಿದ್ರೆ ಗುಂಯ್ ಅನ್ನುತ್ತೆ. ಮೂರನೇ ಮನೆ ಗುಂಯ್. ಅದರ ಪಕ್ಕದ್ದು ಗುಂಯ್. ಅವರ ಎದುರು ಮನೆಯ ನಲ್ಲಿ ತಿರುಗಿಸಿ ಅಂಗೈ ಇಡಿ ಅಂದ, ಇಟ್ಟೆ, ಕೈಯನ್ನ ಒಳಗೆ ಎಳ್ಕೊಳ್ತು! ನೀರು ಬರೋದಿರ್ಲಿ, ಗಾಳಿನೇ ಒಳಗೆ ಹೋಗ್ತಿದೆ. "ಹಿಂಗೆ ಎಳೆದಾಗ ಎಲ್ಲಾದ್ರೂ ಪೈಪ್ ಒಡೆದಿದ್ರೆ ಪಕ್ಕದ ಮೋರಿ ನೀರೂ ಒಳಗ್ ಬತ್ತದೆ ಮೇಡಂ" ಅಂದ. ನಾನು ನಿನ್ನೆ ಕಟ್ಟೆ ಮುಂದೆ ನಿಂತು ಕಿರುಚಿದ ವಾಸನೆಯ ಮೂಲ ಇದು.

ಒಟ್ಟು 7 ಮೋಟ್ರು. ಒಂದು, ನಮ್ಮ ಲೆಟರ್ ಟೈಪ್ ಮಾಡಿ ಮೊದಲ ಸೈನ್ ಹಾಕಿದ್ದವರ ಮನೇಲಿ. ನಮ್ಮನೇಲಿ ಇರ್ಲಿಲ್ಲ, ಆದ್ರೆ ಅದಕ್ಕೆ ಎದೆ ತಟ್ಕೊಳ್ಳೋ ಹಾಗಿಲ್ಲ, ಮನೆ ಕಟ್ಟುವಾಗ ಪ್ಲಂಬರ್ ಕೇಳಿದ್ದ, "ಒಂದು ಅರ್ಧ ಎಚ್‌ಪಿ ಲೈನಿಗೇ ಹಾಕ್ಬಿಡ್ಲಾ ಮೇಡಂ" ಅಂತ, ಆವತ್ತು ಕೈಯಲ್ಲಿ ದುಡ್ಡಿರ್ಲಿಲ್ಲ, ಬೇಡ ಅಂದಿದ್ದೆ. ಅಷ್ಟೇ ನನ್ನ ಪ್ರಾಮಾಣಿಕತೆ.

ನೀರುಗಂಟಿ ಅಣ್ಣನಿಗೆ ನಾನು ಸಾರಿ ಕೇಳ್ಬೇಕಿತ್ತು, ಮಾತು ಬರ್ಲಿಲ್ಲ, ಮನೆಗೆ ಕರ್ಕೊಂಡು ಹೋಗಿ ಕಾಫಿ ಕೊಟ್ಟೆ. ಆತ ಕಾಫಿ ಕುಡಿದು, "ಸಂಬಳ ಆಗಿ 3 ತಿಂಗ್ಳಾಯ್ತು, ದುಡ್ಡು ಕೇಳಿಲ್ಲ ಅಂತೇನಿಲ್ಲ, ಹಬ್ಬಕ್ಕೆ ಒಬ್ರಿಬ್ರ ಹತ್ರ ಕೇಳಿದೀನಿ" ಅಂದ, ಅದಕ್ಕೂ ನನ್ನ ಹತ್ರ ಉತ್ತರ ಇರ್ಲಿಲ್ಲ.

ಮೆಂಬರ್ರು ಹೇಳಿದ್ದು ಒಂದೇ, ನೋಟಿಸ್ ಕೊಟ್ಟು ಕನೆಕ್ಷನ್ ಕಟ್ ಮಾಡೋದು ಅರ್ಧ ದಿನದ ಕೆಲ್ಸ, ಆದ್ರೆ ಊರೋರು ಲೇಔಟೋರು ಅಂತ ಶುರುವಾಗ್ಬಿಡುತ್ತೆ, ಮೊದಲು ನೀವೇ ಮಾತಾಡಿ. ಮಾತಾಡಿದ್ವಿ. ಮೇಷ್ಟ್ರು ಮತ್ತೆ ನಾನು ಏಳೂ ಮನೆಗೆ ಹೋದ್ವಿ. ಒಬ್ರು ಬಾಗಿಲೇ ತೆಗೀಲಿಲ್ಲ, ಒಬ್ರು ಅತ್ತೆಗೆ ಹುಷಾರಿಲ್ಲ ಅಂದ್ರು, ಒಬ್ರು "ಎಲ್ರೂ ತೆಗೆದ್ರೆ ನಾನೂ ತೆಗೀತೀನಿ" ಅಂದ್ರು, ಗ್ರೂಪಿಂದ ಇಬ್ರು ಎಕ್ಸಿಟ್ ಆದ್ರು. ಸಂಕ್ರಾಂತಿ ಹೊತ್ತಿಗೆ 5 ಮೋಟ್ರು ಹೋದವು, ಮಿಕ್ಕ 2ಕ್ಕೆ ಪಂಚಾಯ್ತಿ ನೋಟಿಸೇ ಬೇಕಾಯ್ತು.

ಗ್ರಾಮ ಸಭೆಯಲ್ಲಿ ಪಿಡಿಓ ಮೇಡಂ ದುಡ್ಡಿನ ಲೆಕ್ಕ ಬಿಡಿಸಿ ಹೇಳಿದಾಗ ಇನ್ನೊಂದು ತಿಳೀತು. 15ನೇ ಹಣಕಾಸು ಆಯೋಗದ ದುಡ್ಡಲ್ಲಿ ನೂರಕ್ಕೆ 30 ಕುಡಿಯೋ ನೀರಿಗೇ, 30 ನೈರ್ಮಲ್ಯಕ್ಕೇ ಅಂತ ಕಟ್ಟಿಹಾಕಿದ್ರು, ಉಳಿದ 40ರಲ್ಲಿ ಮಿಕ್ಕ ಕೆಲ್ಸ, ಅದನ್ನೂ ಸಂಬಳಕ್ಕೆ ಮುಟ್ಟೋ ಹಾಗಿರ್ಲಿಲ್ಲ. "ಸಂಬಳ, ಕರೆಂಟ್ ಬಿಲ್ಲು ಅಂದ್ರೆ ನಮ್ಗೆ ಕಂದಾಯ ಬೇಕೇ ಬೇಕು ಮೇಡಂ" ಅಂತ ನನ್ನ ಕಡೆ ನೋಡಿದ್ರು. ನಾನು ಆ ಹೊತ್ತಿಗೆ ಕಟ್ಟಿದ್ದೆ, ರಸೀದಿ ಬ್ಯಾಗಲ್ಲೇ ಇತ್ತು, ತೆಗೆದು ತೋರಿಸ್ಲಾ ಅನ್ನಿಸ್ತು. ನಮ್ಮ ಲೇಔಟಿಗೂ ಮೇಲ್ಬೀದಿಗೂ ಬೇರೆಬೇರೆ ವಾಲು ಹಾಕೋದು ಆ ನೀರಿನ 30ರಲ್ಲಿ ಬಂತು. ಕ್ರಿಯಾ ಯೋಜನೆ, ಎಸ್ಟಿಮೇಟು, ಅಪ್ರೂವಲ್ಲು ಅಂತ ನೆಲ ಅಗೆಯೋಕೆ 5 ತಿಂಗಳು ಹಿಡೀತು, ಆ ಬೇಸಿಗೆ ಪೂರ್ತಿ ಎರಡೂ ಕಡೆಯವರು ಟ್ಯಾಂಕರ್ ನೀರು ಕುಡಿದ್ವಿ. ಈಗ ದಿನ ಬಿಟ್ಟು ದಿನ ಬರುತ್ತೆ, ಅವರಿಗೊಂದು ದಿನ ನಮ್ಗೊಂದು ದಿನ, ಕಟ್ಟೆ ಮೇಲೆ ಒಂದು ಕರಿಹಲಗೆಯಲ್ಲಿ ಬರೆದಿರ್ತಾರೆ. ವಾಸನೆ ಹೋಗಿದೆ.

ದೀಪದ್ದು ಸುಲಭದಲ್ಲಿ ಆಯ್ತು, ಲೇಔಟ್ ಮಾಡಿದವರು ದೀಪಕ್ಕೆ ಬೇರೆ ವೈರ್ ಎಳೀದೆ ನೇರ ಮೇನ್ ಲೈನಿಗೇ ಸಿಕ್ಕಿಸಿದ್ರಂತೆ, ಅದಕ್ಕೇ ಆರಿಸೋಕೆ ಸ್ವಿಚ್ಚೇ ಇರ್ಲಿಲ್ಲ, ಈಗ ಬೇರೆ ವೈರು ಮತ್ತೆ ಟೈಮರ್ ಡಬ್ಬ ಇದೆ. ಕಸದ್ದು ಇನ್ನೂ ಅರ್ಧಂಬರ್ಧ. ಸ್ವಚ್ಛ ವಾಹಿನಿ ಅನ್ನೋ ಪಂಚಾಯ್ತಿ ಕಸದ ಗಾಡಿ ಓಡಿಸೋದು ಸಂಘದ ಒಬ್ಬ ಹೆಂಗಸು, ವಾರಕ್ಕೆ ಎರಡು ದಿನ ಒಣ ಕಸ ತಗೊಂಡು ಹೋಗ್ತಾಳೆ, ಒಣ ಕಸದ ಚೀಲದಲ್ಲಿ ಡೈಪರ್ ಸಿಕ್ರೆ ಗೇಟ್ ಮುಂದೆ ಚೀಲ ಬಿಚ್ಚಿ, "ಇದು ಒಣಗಿದೆಯಾ ನೀವೇ ಮುಟ್ಟಿ ಹೇಳಿ" ಅಂತಾಳೆ. ಇಬ್ರಿಗೆ ಅವಳನ್ನ ಕಂಡ್ರೆ ಆಗಲ್ಲ. ನಂಗೆ ಭಾರೀ ಇಷ್ಟ. ಪಾರ್ಕ್ ಹಂಗೇ ಇದೆ, ಲೇಔಟ್ ಮಾಡಿದವರು ಇನ್ನೂ ಪಂಚಾಯ್ತಿಗೆ ಹಸ್ತಾಂತರ ಮಾಡಿಲ್ಲ, ತನ್ನದಲ್ಲದ ಜಾಗಕ್ಕೆ ಪಂಚಾಯ್ತಿ ದುಡ್ಡು ಹಾಕೋಕಾಗಲ್ಲ. ಆರ್ಚ್ ವಿಷ್ಯ ಯಾರೂ ಎತ್ತಿಲ್ಲ.

ಫಾರಂ 8 ತುಂಬಿ ವೋಟು ಇಲ್ಲಿಗೆ ಹಾಕಿಸ್ಕೊಂಡೆ. ಅಮ್ಮನಿಗೆ ಫೋನಲ್ಲಿ ಹೇಳಿದ್ರೆ ಬೇಜಾರು ಮಾಡ್ಕೊಂಡ್ಲು, "ಎಲೆಕ್ಷನ್ ನೆಪದಲ್ಲಾದ್ರೂ ತಿಪಟೂರಿಗೆ ಬರ್ತಿದ್ದೆ, ಅದೂ ಹೋಯ್ತು."

ಮುಂದಿನ ವಾರ್ಡ್ ಸಭೆ ದಿನ ಮತ್ತೆ ಅದೇ ಕಥೆ, ಹನ್ನೊಂದು ಗಂಟೆ, 17 ಜನ. ಮೆಂಬರ್ರು ಈ ಸಲ ಟೀ ಅಂಗಡಿ ಕಡೆ ಹೋಗ್ಲಿಲ್ಲ, ನನ್ನ ಕಡೆ ತಿರುಗಿ, "ಮೇಡಂ, ನಿಮ್ ಕಡೆಯಿಂದ ಒಂದು ಮೂರು ಜನ" ಅಂದ್ರು. ಚಪ್ಪಲಿ ಮೆಟ್ಕೊಂಡು ಲೇಔಟ್ ಕಡೆ ಓಡ್ದೆ. ಮೊದಲ ಮನೆ ಬೆಲ್ ಮಾಡ್ದೆ, ಅವರು ಲ್ಯಾಪ್‌ಟಾಪ್ ಕೈಯಲ್ಲೇ ಹಿಡ್ಕೊಂಡು ಬಾಗಿಲಿಗೆ ಬಂದು, ವಿಷ್ಯ ಪೂರ್ತಿ ಕೇಳಿಸ್ಕೊಂಡು, "ಸೂಪರ್ ಮೇಡಂ, ಲಿಂಕ್ ಕಳಿಸಿ, ಜಾಯಿನ್ ಆಗ್ತೀನಿ" ಅಂದ್ರು.