ಮೊದಲ ಜಾವದ ಸದ್ದು

12 ನವೆಂಬರ್ 2024, ಮಂಗಳವಾರ

ಗೊರಕೆ ಗಂಟಲ ಬುಡದಿಂದ ಬರುವ ತಗ್ಗಿನ ಸದ್ದು. ಸ್ಟ್ರೈಡರ್ ಹಾಗಲ್ಲ, ಉಸಿರು ಒಳಗೆಳೆದಾಗ ಸಣ್ಣ ಸಂದಿಯಲ್ಲಿ ಗಾಳಿ ನುಗ್ಗಿದಂತೆ ಕೀಚಲಾಗಿ ಕೇಳುತ್ತದೆ. ಧ್ವನಿಪೆಟ್ಟಿಗೆಯ ಬಾಗಿಲು ಪೂರ್ತಿ ತೆರೆಯುತ್ತಿಲ್ಲ ಎಂದರ್ಥ. ಅರವತ್ತರ ಆಸುಪಾಸಿನವರಲ್ಲಿ ಇದರ ಜೊತೆ ನಿದ್ದೆಯಲ್ಲಿ ಬಡಬಡಿಕೆ, ನುಂಗಲು ತೊಡಕು, ನಡಿಗೆಯಲ್ಲಿ ವಾಲಾಟ ಸೇರಿಕೊಂಡರೆ ಆಂಟಿ-ಐಜಿಲಾನ್5 ಕಾಯಿಲೆ ನೆನಪಾಗಲೇಬೇಕು. ನರಕೋಶದ ಮೇಲಿರುವ ಐಜಿಲಾನ್5 ಎಂಬ ಪ್ರೋಟೀನಿನ ಮೇಲೆ ದೇಹದ್ದೇ ಪ್ರತಿಕಾಯಗಳು ಎರಗುವ ಕಾಯಿಲೆ ಇದು. 2014ರಲ್ಲಿ ಬಾರ್ಸಿಲೋನಾದ ವೈದ್ಯರು ಎಂಟು ರೋಗಿಗಳನ್ನು ಕಂಡು ಇದನ್ನು ಮೊದಲು ವಿವರಿಸಿದರು.

ಮನೆಯವರು ಮೊಬೈಲಿನಲ್ಲಿ ವಿಡಿಯೋ ಮಾಡುವುದಾದರೆ ನಿದ್ದೆ ಹತ್ತಿದ ಮೊದಲ ಒಂದೆರಡು ಗಂಟೆಯಲ್ಲೇ ಮಾಡಬೇಕು. ದಾರ ಪೋಣಿಸಿದ ಹಾಗೆ, ತುತ್ತು ಬಾಯಿಗಿಟ್ಟ ಹಾಗೆ ಕೈ ಆಡುವುದು ಆಗಲೇ. ಬೆಳಗಿನ ಜಾವಕ್ಕೆ ನಿದ್ದೆ ಬಹುಪಾಲು ಸಹಜವಾಗುತ್ತದೆ. ಆಗ ಎದ್ದು ನೋಡಿದವರು "ಚೆನ್ನಾಗೇ ಮಲಗಿದ್ದಾರಲ್ಲ" ಎಂದು ಸುಮ್ಮನಾಗುತ್ತಾರೆ. ಮೊಬೈಲು ಮುಖದ ಹತ್ತಿರವಿರಲಿ, ಫ್ಯಾನ್ ಸದ್ದು ಕೀಚಲನ್ನು ಮುಚ್ಚಿಬಿಡುತ್ತದೆ.

ಮನೆಯಲ್ಲಿ ಮಾಡುವ ಸರಳ ಸ್ಲೀಪ್ ಟೆಸ್ಟ್ ಇಲ್ಲಿ ಸಾಲದು. ಅದು ಉಸಿರು ನಿಂತದ್ದನ್ನು ಎಣಿಸುತ್ತದೆ, ಆದರೆ ಸದ್ದಿನ ಬಗೆಯನ್ನೂ ಕೈಯಾಟವನ್ನೂ ತೋರಿಸುವುದಿಲ್ಲ. ವಿಡಿಯೋ, ಆಡಿಯೋ ಎರಡೂ ಇರುವ ಇಡೀ ರಾತ್ರಿಯ ಪಾಲಿಸೋಮ್ನೋಗ್ರಫಿಯೇ (ಲ್ಯಾಬಿನಲ್ಲಿ ಮಲಗಿಸಿ ಮಾಡುವ ಪೂರ್ಣ ನಿದ್ದೆ ಪರೀಕ್ಷೆ) ಆಗಬೇಕು. ಎಂಆರ್‌ಐ ಎಷ್ಟೋ ಸಲ ನಾರ್ಮಲ್ ಬರುತ್ತದೆ, ಅದನ್ನು ನೋಡಿ ಕೈಬಿಡಬಾರದು.

ರಕ್ತ, ಬೆನ್ನಿನ ನೀರು (ಬೆನ್ನುಹುರಿಯ ಸುತ್ತಲಿನ ದ್ರವ) ಎರಡನ್ನೂ ಪರೀಕ್ಷೆಗೆ ಕಳಿಸುವಾಗ ಒಂದು ಎಚ್ಚರ: ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆರಗಿ ಉರಿಯೂತ ತರುವ ಆಟೋಇಮ್ಯೂನ್ ಎನ್‌ಸೆಫಲೈಟಿಸ್‌ಗೆಂದು ಸಾಮಾನ್ಯವಾಗಿ ಮಾಡುವ ಆರು ಪ್ರತಿಕಾಯಗಳ ಪ್ಯಾನೆಲ್‌ನಲ್ಲಿ ಐಜಿಲಾನ್5 ಇರುವುದಿಲ್ಲ. ಹೆಸರು ಬರೆದು ಬೇರೆಯಾಗಿಯೇ ಕೇಳಬೇಕು. ಪ್ಯಾನೆಲ್ ನೆಗೆಟಿವ್ ಎಂದು ಫೈಲು ಮುಚ್ಚಿದರೆ ಕಳೆದುಹೋಗುವ ತಿಂಗಳುಗಳು ಬಹಳ ದುಬಾರಿ. ಇದೇ ಬಗೆಯ ಇನ್ನೊಂದು ಕಾಯಿಲೆಯಾದ ಎನ್‌ಎಂಡಿಎ ಎನ್‌ಸೆಫಲೈಟಿಸ್‌ನಲ್ಲಿ ಪ್ರತಿಕಾಯ ತೆಗೆದರೆ ನರಕೋಶದ ಮೇಲಿನ ಗ್ರಾಹಕಗಳು ಮರಳುತ್ತವೆ. ಐಜಿಲಾನ್5 ಪ್ರೋಟೀನ್ ಒಮ್ಮೆ ಹೋದರೆ, ಪ್ರಯೋಗಾಲಯದ ಕೋಶಗಳಲ್ಲಿ ಕಂಡಂತೆ, ಮರಳುವುದಿಲ್ಲ. ತೀರಿಕೊಂಡ ಕೆಲವರ ಮಿದುಳುಕಾಂಡದಲ್ಲಿ ಟೌ ಪ್ರೋಟೀನ್ ಗಂಟುಕಟ್ಟಿದ್ದೂ ಕಂಡಿದೆ. ಮೀಥೈಲ್‌ಪ್ರೆಡ್ನಿಸೊಲೋನ್, ಐವಿಐಜಿ, ರಿಟುಕ್ಸಿಮ್ಯಾಬ್, ರಕ್ಷಣಾ ವ್ಯವಸ್ಥೆಯ ಈ ದಾಳಿ ತಗ್ಗಿಸುವ ಔಷಧಿಗಳಲ್ಲಿ ಯಾವುದೇ ಆಗಲಿ, ಬೇಗ ಶುರುಮಾಡಬೇಕೆನ್ನುವುದು ಇದಕ್ಕೇ.

ಸಿಪ್ಯಾಪ್ (ಮುಖವಾಡದ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ) ಹಾಕಿದರೆ ಉಸಿರುಕಟ್ಟುವುದೂ ಸ್ಟ್ರೈಡರೂ ಹಲವರಲ್ಲಿ ಇಳಿಯುತ್ತವೆ, ಬಡಬಡಿಕೆ, ಕೈಯಾಟ ಉಳಿಯುತ್ತವೆ. ಯಂತ್ರ ಕೆಟ್ಟಿದೆ ಎಂದುಕೊಂಡು ಅದನ್ನು ತೆಗೆದಿಡಬಾರದು. ನಿದ್ದೆ ಬರಲೆಂದು ತಾವಾಗಿಯೇ ಮಾತ್ರೆ ಕೊಡುವುದಂತೂ ಬೇಡವೇ ಬೇಡ, ಗಂಟಲಿನ ಸ್ನಾಯು ಇನ್ನಷ್ಟು ಸಡಿಲವಾಗುತ್ತದೆ. ಎಚ್ಚರವಿದ್ದಾಗಲೂ ಕೀಚಲು ಕೇಳಿಸಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು; ಟ್ರೇಕಿಯಾಸ್ಟಮಿ (ಉಸಿರಾಟಕ್ಕೆ ಕತ್ತಿನಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವುದು) ಬೇಕಾಗಬಹುದು.