ಮಗುವಿರುವ ಮನೆಯ ಡಿಬಿ: ಆರ್‌ಸಿಸಿಬಿ ಬೀಳುವುದು ಕೊನೆಗೂ ನಿಂತಿತು

ಡಿಬಿಗೆ (ಮನೆಗೆ ಕರೆಂಟ್ ಹಂಚುವ ಪೆಟ್ಟಿಗೆ) 40 ಆಂಪ್, ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ), 30 ಮಿಲಿಆಂಪ್ ಆರ್‌ಸಿಸಿಬಿ ಕೂರಿಸಿದ್ದಾಯಿತು. ಅಷ್ಟು ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ ಅದು. ಗೀಸರ್ ಹಾಕಿದರೂ ಅಲ್ಲಾಡದ ಅದು, ಹಾಲ್‌ನಲ್ಲಿ ಯುಪಿಎಸ್ ಲೈನಿನ ಒಂದೇ ಒಂದು 9 ವ್ಯಾಟ್ ಎಲ್‌ಇಡಿ ಬಲ್ಬ್ ಹಾಕಿದರೆ ಟಪ್ ಎಂದು ಬೀಳುತ್ತಿತ್ತು. ಬಲ್ಬು, ಚಾರ್ಜರ್, ಯುಪಿಎಸ್ ಎಲ್ಲ ಬಿಚ್ಚಿ, ಫೇಸ್-ನ್ಯೂಟ್ರಲ್ ಒಟ್ಟಿಗೆ ಸೇರಿಸಿ ಅರ್ತಿಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದರೆ ರೀಡಿಂಗ್ 1 ಮೆಗಾಓಮ್‌ಗಿಂತ ಎಷ್ಟೋ ಮೇಲೆ. ಲೀಕೇಜ್ ಇಲ್ಲವೇ ಇಲ್ಲ.

ಇಂಥ ಟ್ರಿಪ್ಪಿಂಗ್ ಬಂದಾಗ ಮೊದಲು ಯುಪಿಎಸ್ ಲೈನಿನ ನ್ಯೂಟ್ರಲ್ ಹಿಡಿದು ಹೋಗಿ. ಫೇಸಿನಲ್ಲಿ ಹೋದಷ್ಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದಷ್ಟೇ ಆರ್‌ಸಿಸಿಬಿ ನೋಡುತ್ತದೆ. ಇಲ್ಲಿ ಯುಪಿಎಸ್‌ನ ಫೇಸ್ ಆರ್‌ಸಿಸಿಬಿ ದಾಟಿ ಹೊರಟಿತ್ತು. ನ್ಯೂಟ್ರಲ್ ಮಾತ್ರ ಅದಕ್ಕಿಂತ ಹಿಂದಿನ ಹಳೇ ನ್ಯೂಟ್ರಲ್ ಲಿಂಕಿಗೆ (ನ್ಯೂಟ್ರಲ್ ತಂತಿಗಳು ಸೇರುವ ಪಟ್ಟಿ) ಸೇರಿತ್ತು. 9 ವ್ಯಾಟ್ ಬಲ್ಬ್ 230 ವೋಲ್ಟಿನಲ್ಲಿ ಕನಿಷ್ಠ 39 ಮಿಲಿಆಂಪ್ ಎಳೆಯುತ್ತದೆ. ಅಷ್ಟೂ ಕಾಣೆಯಾದಂತೆ ಲೆಕ್ಕ, ಬೀಳದೆ ಇನ್ನೇನು!

ಬರೀ ನ್ಯೂಟ್ರಲ್ ಬದಲಿಸಿ ಸುಮ್ಮನಾಗಬೇಡಿ. ಮೇನ್ ಆರ್‌ಸಿಸಿಬಿ ಬಿದ್ದರೆ ಯುಪಿಎಸ್‌ನ ನ್ಯೂಟ್ರಲ್ಲೂ ಕಡಿದು, ಅದರ ಸಾಕೆಟ್ಟುಗಳು ಬ್ಯಾಟರಿ ಮೇಲೆ ಕಾವಲಿಲ್ಲದೆ ಓಡುತ್ತವೆ. ಆದ್ದರಿಂದ ಯುಪಿಎಸ್ ಇನ್‌ಪುಟ್ಟನ್ನು ಆರ್‌ಸಿಸಿಬಿಗಿಂತ ಹಿಂದಿನಿಂದ ಬೇರೆ ಸಿಂಗಲ್ ಪೋಲ್ ಎಂಸಿಬಿಯಲ್ಲಿ (ಓವರ್‌ಲೋಡಿಗೆ ಬೀಳುವ, ಫೇಸ್ ಮಾತ್ರ ಕಡಿಯುವ ಸ್ವಿಚ್) ತೆಗೆದು, ಔಟ್‌ಪುಟ್ಟಿಗೆ ಇನ್ನೊಂದು 25 ಆಂಪ್, 30 ಮಿಲಿಆಂಪ್ ಆರ್‌ಸಿಸಿಬಿ, ಅದಕ್ಕೇ ಪ್ರತ್ಯೇಕ ನ್ಯೂಟ್ರಲ್ ಲಿಂಕ್. ಯುಪಿಎಸ್ ಒಳಗೆ ನ್ಯೂಟ್ರಲ್ ನೇರ ಹಾದುಹೋಗುವುದಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಬ್ಯಾಟರಿ ಮೇಲೂ ಕಾವಲಿದೆಯೇ ಎಂಬುದನ್ನು ಆರ್‌ಸಿಸಿಬಿಯ ಟೆಸ್ಟ್ ಬಟನ್ ತೋರಿಸುವುದಿಲ್ಲ. ಆ ಎಂಸಿಬಿಯೊಂದನ್ನೇ ಇಳಿಸಿ, ಬ್ಯಾಟರಿ ಮೇಲೆ ಓಡುವಾಗ ಸಾಕೆಟ್ಟಿಗೆ ಆರ್‌ಸಿಡಿ ಟೆಸ್ಟರ್ (ಆರ್‌ಸಿಸಿಬಿ ಬೀಳುತ್ತದೆಯೇ ಎಂದು ನೋಡುವ ಉಪಕರಣ) ಹಾಕಿ ನೋಡಿ. ಮೇನ್ ಸ್ವಿಚ್ ಇಳಿಸಿದರೆ ನ್ಯೂಟ್ರಲ್ಲೂ ಹೋಗಿ ಪರೀಕ್ಷೆಯೇ ತಪ್ಪುತ್ತದೆ. ಮೇನ್ ಆಫ್ ಇದ್ದರೂ ಮೀಟರ್ ಕಡೆಯ ಟರ್ಮಿನಲ್‌ನಲ್ಲಿ ಕರೆಂಟ್ ಇರುತ್ತದೆ; ಡಿಬಿ ಒಳಗಿನ ಕೆಲಸ ಲೈಸೆನ್ಸ್ ಇರುವವರೇ ಮಾಡಲಿ.

ಅಂಗಡಿಯವರ ವಿಷಯಕ್ಕೆ ಬಂದರೆ ಸಿಟ್ಟೇ ಬರುತ್ತದೆ. 30 ಕೇಳಿದರೆ 100 ಮಿಲಿಆಂಪ್ ಕೊಟ್ಟು "ಅದೇ ಸಾರ್, ಟ್ರಿಪ್ ಕಮ್ಮಿ" ಅನ್ನುತ್ತಾರೆ. 100 ಇರುವುದು ಬೆಂಕಿ ತಡೆಯಲು, ಮಗುವಿನ ಜೀವಕ್ಕಲ್ಲ. ಡಬ್ಬಿ ಬಿಟ್ಟು ಸ್ವಿಚ್ಚಿನ ಮೇಲೆ ಅಚ್ಚಾಗಿರುವ 0.03 ಎ ಓದಿ ತನ್ನಿ.

ಮಗು ಸಾಕೆಟ್ಟಿನ ಕೆಳಗಿನ ಎರಡು ತೂತಿಗೂ ಹೇರ್‌ಪಿನ್ ಹಾಕಿದರೆ ಹೋದದ್ದೆಲ್ಲ ವಾಪಸ್ ಬರುತ್ತದೆ, ಆರ್‌ಸಿಸಿಬಿಗೆ ಗೊತ್ತೇ ಆಗದು. ಅಲ್ಲಿ ತೂತನ್ನು ಒಳಗಿನಿಂದ ಮುಚ್ಚಿರುವ ಸಾಕೆಟ್ಟಿನ ಶಟರ್ರೇ ಗತಿ. ಮೇನ್ ಇಳಿಸಿ, ಯುಪಿಎಸ್ಸನ್ನೂ ಆಫ್ ಮಾಡಿ, ಪ್ಲಾಸ್ಟಿಕ್ ಕಡ್ಡಿಯಿಂದ ಒಂದೊಂದೇ ತೂತು ಒತ್ತಿ. ಕೆಳಗಿನ ಯಾವ ತೂತು ತೆರೆದುಕೊಂಡರೂ ಆ ಸಾಕೆಟ್ ಬದಲಿಸಿ. ತುರುಕುವ ಪ್ಲಾಸ್ಟಿಕ್ ಮುಚ್ಚಳ ನನಗೆ ಒಪ್ಪಿಗೆಯಿಲ್ಲ. ಅದರ ಅರ್ತ್ ಪಿನ್ನೇ ಎಷ್ಟೋ ಸಾಕೆಟ್ಟುಗಳ ಶಟರ್ ತೆರೆಯುತ್ತದೆ. ಸಡಿಲಾಗಿ ಕೂತ ಮುಚ್ಚಳ ಕಿತ್ತು ಬಂದರೆ ಮಗುವಿನ ಬಾಯಿಗೆ ಹೋಗುತ್ತದೆ.

ಮುಂದಿನದು ಟಿವಿ ಹಿಂದಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಪೆಟ್ಟಿಗೆ: ಸುಲಭಕ್ಕೆ ಬೆಂಕಿ ಹಿಡಿಯದ ಪ್ಲಾಸ್ಟಿಕ್, ಸ್ಕ್ರೂ ಮುಚ್ಚಳ, ಅಡಾಪ್ಟರ್ ಬಿಸಿ ಹೋಗಲು ಮಗುವಿನ ಬೆರಳು ತೂರದಷ್ಟು 4 ಮಿಮೀ ಸೀಳು. ಮುಚ್ಚಳಕ್ಕೆ ಮ್ಯಾಗ್ನೆಟ್ ಬೇಡ, ಎರಡು ವರ್ಷದ ಕೂಸೂ ಅದನ್ನು ಕಿತ್ತು ತೆಗೆಯುತ್ತದೆ.